ದೊಡ್ಡವರ ಗೊಂಬೆಯಾಟ

ಆಟಿಕೆ ಅಂಗಡಿಗೆ ಬಂದ ನಲವತ್ತರ ಗೃಹಸ್ಥರು ಗೊಂಬೆ ಕೊಳ್ಳುವುದು ಮಗನಿಗಾಗಿಯೇ ಎಂದು ಹೇಳುವಂತಿಲ್ಲ. ಬಾಲ್ಯದ ವೀರರು ಹೊಸ ರೂಪದಲ್ಲಿ ಮರಳಿ ಬಂದಿದ್ದಾರೆ. ಹೀ-ಮ್ಯಾನ್ ಅವರಲ್ಲಿ ಪ್ರಮುಖ.

ಅಮೆರಿಕದ ಮ್ಯಾಟೆಲ್ ಕಂಪೆನಿ 1982ರಲ್ಲಿ ಹೀ-ಮ್ಯಾನ್ ಹಾಗೂ ಅವನ ವೈರಿ ಸ್ಕೆಲಿಟರ್ ಗೊಂಬೆಗಳನ್ನು ಮಾರುಕಟ್ಟೆಗೆ ತಂದಿತು. ಐದೂವರೆ ಅಂಗುಲ ಎತ್ತರ, ಉಬ್ಬಿದ ಮಾಂಸಖಂಡ. ಸೊಂಟ ತಿರುಗಿಸಿ ಬಿಟ್ಟರೆ ಒಳಗಿನ ಸ್ಪ್ರಿಂಗ್‌ನಿಂದಾಗಿ ಗುದ್ದು ಬೀಳುತ್ತಿತ್ತು. ಆದರೆ ಮೊಣಕೈ, ಮೊಣಕಾಲು ಮಡಚುತ್ತಿರಲಿಲ್ಲ. 1983ರಲ್ಲಿ ಕಾರ್ಟೂನ್ ಧಾರಾವಾಹಿ ಬಂತು. ಮುಂದೆ ದೂರದರ್ಶನದ ಮೂಲಕ ಭಾರತದ ಮಕ್ಕಳಿಗೂ ಅವನು ಅಚ್ಚುಮೆಚ್ಚಾದ. ಪರವಾನಗಿ ಪಡೆದ ಲಿಯೋ ಸಂಸ್ಥೆ ಇಲ್ಲಿಯೇ ಆ ಗೊಂಬೆಗಳನ್ನು ತಯಾರಿಸಿತು.

ಆ ಮಕ್ಕಳು ಬೆಳೆದು ಸಂಪಾದನೆಗೆ ತೊಡಗಿದ ಮೇಲೆ, 2008ರಲ್ಲಿ, ಮ್ಯಾಟೆಲ್ ಸಂಗ್ರಾಹಕರಿಗೆಂದೇ 'ಕ್ಲಾಸಿಕ್ಸ್' ಸರಣಿ ಆರಂಭಿಸಿತು. ಇವು ಸುಮಾರು ಏಳು ಅಂಗುಲದವು. 2020ರ 'ಒರಿಜಿನ್ಸ್' ಮತ್ತೆ ಹಳೆಯ ಅಳತೆಗೇ ಮರಳಿತು. ಪೊಟ್ಟಣದ ಚಿತ್ರವೂ ಹಳೆಯದನ್ನೇ ನೆನಪಿಸುತ್ತದೆ. ಆದರೆ ಈಗ ಮೊಣಕೈ, ಮೊಣಕಾಲು ಮಡಚುತ್ತವೆ. ತಲೆ, ತೋಳುಗಳನ್ನು ಕಳಚಿ ಅದಲುಬದಲು ಮಾಡಬಹುದು. ಅಂದು ಮಗು ಕಲ್ಪಿಸಿಕೊಂಡದ್ದನ್ನೆಲ್ಲ ಇಂದಿನ ಗೊಂಬೆ ನಿಜಕ್ಕೂ ಮಾಡುತ್ತದೆ.

ಇವನ್ನು ಬಂಡವಾಳವೆಂದು ಭಾವಿಸಿ ಪೊಟ್ಟಣ ಒಡೆಯದೆ ಇಡುವವರೂ ಇದ್ದಾರೆ. ಹಳೆಯ ಗೊಂಬೆಗೆ ಬೆಲೆ ಬಂದದ್ದೇಕೆ? ಮಕ್ಕಳು ಆಡಿದರು, ಖಡ್ಗ ಕಳೆದರು, ಕಾಲು ಮುರಿದರು. ಇಡಿಯಾಗಿ ಉಳಿದದ್ದು ಕೆಲವು ಮಾತ್ರ. ಎಲ್ಲರೂ ಜೋಪಾನ ಮಾಡಿದ ವಸ್ತು ಅಪರೂಪವಾಗುವುದು ಕಷ್ಟ. ಹಾಗಾಗಿ ಪೊಟ್ಟಣ ಒಡೆದು ಮಕ್ಕಳೊಡನೆ ಆಡುವವರಿಗೇ ಕೊಟ್ಟ ಹಣ ದಕ್ಕಿದಂತೆ.