ಪೊಲೀಸರ ಜತೆ ತಳ್ಳಾಟದ ಕೇಸಲ್ಲಿ ಶಿಕ್ಷೆ ಆಯ್ತಾ? ಅಪೀಲಿಗೆ ಇರೋದು 30 ದಿನ

ಬೆಳಗಾವಿ: ಗಾಡಿ ತಡೆದಾಗ ಶುರುವಾದ ಮಾತು ಕೈ ಮಿಲಾಯಿಸುವ ತನಕ ಹೋಗುತ್ತದೆ. ಅತಿಕ್ರಮಣ ತೆರವಿಗೆ ಬಂದಾಗ ಅಂಗಡಿ ಮುಂದೆ ತಳ್ಳಾಟ ಆಗುತ್ತದೆ. 2014ರ ಜುಲೈನಲ್ಲಿ ಯಳ್ಳೂರಿನ ನಾಮಫಲಕ ತೆರವಿನ ವೇಳೆ ನಡೆದಂತೆ ಊರಿನವರು, ಪೊಲೀಸರು ಎದುರುಬದುರಾದದ್ದೂ ಇದೆ. ಕೇಸು ಬಿದ್ದು, ವರ್ಷಗಟ್ಟಲೆ ತಾರೀಖಿಗೆ ಅಲೆದ ಮೇಲೆ ಕೋರ್ಟು ‘ತಪ್ಪಿತಸ್ಥ’ ಎಂದರೆ, ‘ದಂಡ ಕಟ್ಟಿದರೆ ಮುಗೀತು ಬಿಡ್ರಿ’ ಎನ್ನುವವರುಂಟು. ಮುಗಿಯೋದಿಲ್ಲ. ದಂಡ ಕಟ್ಟಿದರೂ ಅಪರಾಧಿ ಎಂಬ ದಾಖಲೆ ಉಳಿಯುತ್ತದೆ. ನಾಳೆ ನೌಕರಿಗೋ ಪಾಸ್‌ಪೋರ್ಟಿಗೋ ಪೊಲೀಸ್ ಪರಿಶೀಲನೆ ಬಂದಾಗ ಅದೇ ಎದುರಿಗೆ ನಿಲ್ಲುತ್ತದೆ.

ಇಂಥ ಗಲಾಟೆಗೆ ಹಾಕುವ ಮುಖ್ಯ ಕಲಂ ಹಳೆಯ ಐಪಿಸಿಯಲ್ಲಿ 353. 2024ರ ಜುಲೈ 1ರ ನಂತರದ ಘಟನೆಗಳಿಗೆ ಭಾರತೀಯ ನ್ಯಾಯ ಸಂಹಿತೆಯ 132. ಗರಿಷ್ಠ 2 ವರ್ಷ ಜೈಲು. ಪೊಲೀಸರಿಗೆ ಗಾಯವಾಗಿದ್ದರೆ ಇನ್ನೂ ಭಾರವಾದ ಕಲಂ ಸೇರುತ್ತದೆ.

ಖಾನಾಪುರದ ಜೆಎಂಎಫ್‌ಸಿ ಕೋರ್ಟ್ ಶಿಕ್ಷೆ ಕೊಟ್ಟರೆ ಅಪೀಲು ಬೆಳಗಾವಿಯ ಸೆಷನ್ಸ್ ಕೋರ್ಟಿಗೆ, 30 ದಿನದೊಳಗೆ. ತೀರ್ಪಿನ ನಕಲು ಪಡೆಯಲು ಹಿಡಿದ ದಿನಗಳನ್ನು ಇದರಲ್ಲಿ ಲೆಕ್ಕ ಹಿಡಿಯುವುದಿಲ್ಲ. ಜೈಲು ಶಿಕ್ಷೆ ಆಗಿದ್ದರೆ ಒಂದು ನಕಲು ಪುಕ್ಕಟೆ ಕೊಡಲೇಬೇಕು, ಕೇಳಿ ಪಡೆಯಿರಿ. ಶಿಕ್ಷೆ 3 ವರ್ಷ ಮೀರದೆ, ಆರೋಪಿ ಜಾಮೀನಿನ ಮೇಲಿದ್ದರೆ, ಅಪೀಲು ಹಾಕುವ ತನಕ ಅದೇ ಕೋರ್ಟು ಜಾಮೀನು ಕೊಡಬಹುದು. ಆ ಅರ್ಜಿ ತೀರ್ಪಿನ ದಿನವೇ ಕೈಯಲ್ಲಿರಬೇಕು. ಅಲ್ಲಿಂದ ಮುಂದೆ ಶಿಕ್ಷೆ ಅಮಾನತಿನಲ್ಲಿಡುವುದು ಸೆಷನ್ಸ್ ಕೋರ್ಟಿನ ಕೆಲಸ.

ಈ ಮೊದಲ ಅಪೀಲೇ ನಿಜವಾದ ಅವಕಾಶ. ಸೆಷನ್ಸ್ ನ್ಯಾಯಾಧೀಶರು ಸಾಕ್ಷ್ಯವನ್ನೆಲ್ಲ ಮತ್ತೆ ತೂಗಿ ನೋಡುತ್ತಾರೆ. ಅಲ್ಲೂ ಸೋತರೆ ಹೈಕೋರ್ಟಿನ ಧಾರವಾಡ ಪೀಠಕ್ಕೆ 90 ದಿನದೊಳಗೆ ಪುನರ್‌ಪರಿಶೀಲನಾ ಅರ್ಜಿ ಹಾಕಬಹುದು. ಆದರೆ ಅಲ್ಲಿ ನೋಡುವುದು ಬಹುತೇಕ ಕಾನೂನಿನ ತಪ್ಪುಗಳನ್ನು ಮಾತ್ರ.

ಅಪೀಲಿನಲ್ಲಿ ಯಾವುದರ ಮೇಲೆ ವಾದ ನಿಲ್ಲುತ್ತದೆ? ಮಧ್ಯಪ್ರದೇಶದ ಒಂದು ಪ್ರಕರಣ ನೋಡಿ. ಲೋಕಾಯುಕ್ತ ಪೊಲೀಸರು ಬಲೆ ಹಾಕಿದಾಗ ಸರ್ಕಾರಿ ನೌಕರನೊಬ್ಬ ಅವರನ್ನು ತಳ್ಳಿ ಓಡಿದ್ದ. ಲಂಚದ ಆರೋಪ ಬಿದ್ದುಹೋದರೂ 353ರ ಶಿಕ್ಷೆ ಉಳಿಯಿತು, ಹೈಕೋರ್ಟೂ ಎತ್ತಿಹಿಡಿಯಿತು. 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು: ತಪ್ಪಿಸಿಕೊಳ್ಳಲು ನೂಕಾಡಿದ್ದು ಹಲ್ಲೆಯ ಉದ್ದೇಶವಲ್ಲ ಎಂದು. ಹಾಗಂತ ಪೊಲೀಸರನ್ನು ತಳ್ಳಿದರೆ ನಡೆಯುತ್ತದೆ ಎಂದಲ್ಲ. ಕರ್ತವ್ಯದಲ್ಲಿದ್ದವರ ಮೇಲೆ ಅಥವಾ ಕರ್ತವ್ಯ ತಡೆಯಲೆಂದು ಹಲ್ಲೆ ಇಲ್ಲವೇ ಬಲಪ್ರಯೋಗ ಮಾಡಿದ್ದನ್ನು ಸರ್ಕಾರಿ ವಕೀಲರು ಸಾಬೀತು ಮಾಡಿರಬೇಕು.

ಒಂದು ಎಚ್ಚರಿಕೆ. ‘ಬೇಗ ಮುಗಿಸೋಣ’ ಎಂದು ತಪ್ಪೊಪ್ಪಿಕೊಂಡರೆ ಅಪೀಲಿನ ಬಾಗಿಲು ಹೆಚ್ಚುಕಡಿಮೆ ಮುಚ್ಚಿದಂತೆ. ಶಿಕ್ಷೆಯ ಪ್ರಮಾಣ, ಕಾನೂನುಬದ್ಧತೆ ಬಿಟ್ಟರೆ ಬೇರೇನೂ ಪ್ರಶ್ನಿಸಲು ಬರೋದಿಲ್ಲ. ಅಂಗಡಿಯ ಸಿಸಿಟಿವಿ ದೃಶ್ಯವನ್ನೂ ವಿಚಾರಣೆಯಲ್ಲೇ ಹಾಜರುಪಡಿಸಬೇಕು, ಅಪೀಲಿನಲ್ಲಿ ಹೊಸ ಸಾಕ್ಷ್ಯಕ್ಕೆ ಅವಕಾಶ ಸಿಗುವುದು ಅಪರೂಪ.

ವಕೀಲರ ಫೀ ಕೊಡಲಾಗದವರು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಬಹುದು. ಮಹಿಳೆಯರು, ಪರಿಶಿಷ್ಟ ಜಾತಿ, ಪಂಗಡದವರು ಮತ್ತು ಜೈಲಿನಲ್ಲಿರುವವರಿಗೆ ಆದಾಯದ ಮಿತಿ ಇಲ್ಲ. ಹಿಂಡಲಗಾ ಜೈಲಿನಲ್ಲಿ ಇರುವವರು ಜೈಲು ಅಧಿಕಾರಿಯ ಕೈಗೇ ಅಪೀಲು ಅರ್ಜಿ ಕೊಡಬಹುದು, ಅವರು ಅದನ್ನು ಕೋರ್ಟಿಗೆ ಕಳುಹಿಸಬೇಕು.