ಹಸಿರು ರಸಾಯನವೆಂದರೆ ಸೊಪ್ಪಿನ ಕಷಾಯವಲ್ಲ

ವಿಜಯವಾಡದ ಬೆಂಜ್ ಸರ್ಕಲ್‌ನಿಂದ 16ನೇ ರಾಷ್ಟ್ರೀಯ ಹೆದ್ದಾರಿ ಹಿಡಿದು 300 ಕಿ.ಮೀ.ಗೂ ಹೆಚ್ಚು ಸಾಗಿದರೆ ವಿಶಾಖಪಟ್ಟಣದ ಪರವಾಡ ಫಾರ್ಮಾ ಸಿಟಿ ಸಿಗುತ್ತದೆ. ಜಪಾನಿನ ಐಸಾಯ್ ಕಂಪನಿ ಅಲ್ಲಿ ಆನೆಕಾಲು ರೋಗದ ಡಿಇಸಿ ಮಾತ್ರೆ ತಯಾರಿಸಿ, 2013ರಿಂದ ವಿಶ್ವ ಆರೋಗ್ಯ ಸಂಸ್ಥೆಗೆ ಉಚಿತವಾಗಿ ಕೊಡುತ್ತ ಬಂದಿದೆ. ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ 1947ರಲ್ಲಿ ಈ ಔಷಧವನ್ನು ಕಂಡುಕೊಂಡ ತಂಡವನ್ನು ಮುನ್ನಡೆಸಿದವರು ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಕಲಬುರಗಿ, ಯಾದಗಿರಿ ಕಡೆ ಆಶಾ ಕಾರ್ಯಕರ್ತೆಯರು ಮನೆಬಾಗಿಲಿಗೆ ಬಂದು ನುಂಗಿಸುವುದೂ ಡಿಇಸಿಯನ್ನೇ.

ಇಂಥ ಔಷಧವನ್ನು 'ಹಸಿರಾಗಿ' ತಯಾರಿಸುವುದೆಂದರೆ ಗಿಡಮೂಲಿಕೆಯಿಂದ ಮಾಡುವುದು ಎಂದು ಬಹಳ ಜನ ತಿಳಿದಿದ್ದಾರೆ. ಅದು ತಪ್ಪು. ಡಿಇಸಿಯ ಪಠ್ಯಪುಸ್ತಕದ ವಿಧಾನದಲ್ಲಿ ಬಳಸುವ ಒಂದು ಕ್ಲೋರೈಡ್ ತಯಾರಾಗುವುದು ಫಾಸ್ಜೀನ್‌ನಿಂದ. ಮೊದಲ ಮಹಾಯುದ್ಧದಲ್ಲಿ ಸೈನಿಕರನ್ನು ಕೊಂದ ವಿಷಾನಿಲವದು. ಆ ವಿಷ ಬೇಕೇ ಆಗದಂಥ ರಾಸಾಯನಿಕ ಕ್ರಿಯೆಯನ್ನು ಹುಡುಕುವುದು, ದ್ರಾವಕವನ್ನು ಕಡಿಮೆ ಬಳಸುವುದು, ಬಳಸಿದ್ದನ್ನು ಮರಳಿ ಪಡೆಯುವುದು, ಇದು ಹಸಿರು ರಸಾಯನ. ಒಂದು ಕಿಲೋ ಔಷಧಕ್ಕೆ 25ರಿಂದ 100 ಕಿಲೋಗೂ ಹೆಚ್ಚು ತ್ಯಾಜ್ಯ ಹುಟ್ಟುತ್ತದೆಂದು ರಸಾಯನ ವಿಜ್ಞಾನಿ ರೋಜರ್ ಶೆಲ್ಡನ್ 1992ರಲ್ಲೇ ಲೆಕ್ಕ ಹಾಕಿದ್ದರು. ಅದರಲ್ಲಿ ದೊಡ್ಡ ಪಾಲು ದ್ರಾವಕದ್ದೇ.

ತ್ಯಾಜ್ಯವನ್ನು ಶುದ್ಧೀಕರಣ ಘಟಕಕ್ಕೆ ಕಳಿಸಿದರೆ ಮುಗಿಯಿತಲ್ಲ ಎನ್ನುವವರೂ ಇದ್ದಾರೆ. ಹೈದರಾಬಾದ್ ಬಳಿಯ ಪಟಾನ್‌ಚೆರುವಿನಲ್ಲಿ ಔಷಧ ಕಾರ್ಖಾನೆಗಳ ಕೊಳೆನೀರಿಗೆಂದೇ ಘಟಕವಿತ್ತು. ಅಲ್ಲಿ ಶುದ್ಧೀಕರಿಸಿ ಹೊರಬಿಟ್ಟ ನೀರಿನಲ್ಲಿ ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಾಸಿನ್ ಎಂಬ ಆ್ಯಂಟಿಬಯೋಟಿಕ್ ಇದ್ದುದನ್ನು 2007ರಲ್ಲಿ ಸ್ವೀಡನ್ನಿನ ಸಂಶೋಧಕರು ಪ್ರಕಟಿಸಿದರು. ಅದನ್ನು ನುಂಗಿದ ರೋಗಿಯ ರಕ್ತದಲ್ಲೂ ಅಷ್ಟು ಇರುವುದಿಲ್ಲ! ಊರಿನ ಹಳ್ಳಕ್ಕೆ ಇಷ್ಟು ಔಷಧ ಹರಿದ ಮೇಲೆ ಯಾವ ದಂಡವೂ ಅದನ್ನು ಹಿಂದಕ್ಕೆ ತರಲಾರದು. ತ್ಯಾಜ್ಯ ಹುಟ್ಟದಂತೆ ನೋಡಿಕೊಳ್ಳಬೇಕಾದದ್ದು ಕ್ರಿಯೆಯನ್ನು ರೂಪಿಸುವ ಹೊತ್ತಿನಲ್ಲೇ.

ಬಡವರ ಔಷಧಕ್ಕೆ ಇದೆಲ್ಲ ದುಬಾರಿ ಎಂಬ ಮಾತಿದೆ. ನೋವಿಗೆ ನುಂಗುವ ಐಬುಪ್ರೊಫೆನ್ ನೋಡಿ. ಹಳೆಯ ವಿಧಾನದಲ್ಲಿ ಆರು ಹಂತ, ಹಾಕಿದ ಪರಮಾಣುಗಳಲ್ಲಿ ಔಷಧವಾಗುತ್ತಿದ್ದದ್ದು ಶೇ. 40 ಮಾತ್ರ. ಹೊಸದರಲ್ಲಿ ಮೂರೇ ಹಂತ, ಶೇ. 77. ಕೊಂಡ ಕಚ್ಚಾವಸ್ತು ಚರಂಡಿ ಸೇರದಿದ್ದರೆ ಉಳಿಯುವುದು ಹಣವೇ. ಬಡವರ ಔಷಧದಲ್ಲೂ ಇದು ಸಾಧ್ಯ: ಆನೆಕಾಲಿಗೆ ಡಿಇಸಿಯ ಜೊತೆ ಕೊಡುವ ಐವರ್‌ಮೆಕ್ಟಿನ್‌ನ ಮುಖ್ಯ ಅಣುವನ್ನು ಮಣ್ಣಿನ ಸೂಕ್ಷ್ಮಜೀವಿಯೇ ಕಟ್ಟಿಕೊಡುತ್ತದೆ. ಕ್ರಿಯಾವರ್ಧಕದ ನೆರವಿನಿಂದ ಅದಕ್ಕೆ ಹೈಡ್ರೋಜನ್ ಸೇರಿಸುತ್ತಾರೆ. ಹಾಗೆ ಸೇರಿದ ಪರಮಾಣುಗಳೆರಡೂ ಔಷಧದೊಳಗೇ ಉಳಿಯುತ್ತವೆ.