ಹೊಂಗೆ ಎಣ್ಣೆಯಿಂದ ಮನೆಯಲ್ಲೇ ಬಟ್ಟೆ ಸಾಬೂನು

ಗದ್ದೆಯ ಕೆಸರು, ಕೊಟ್ಟಿಗೆಯ ಸಗಣಿ, ಪಂಪು-ಟ್ರ್ಯಾಕ್ಟರಿನ ಜಿಡ್ಡು ಇವೆಲ್ಲ ಸೇರಿ ಬೇಸಾಯಗಾರರ ಮನೆಯ ಬಟ್ಟೆಗೆ ಸಾಬೂನು ಹೆಚ್ಚೇ ಬೇಕಾಗುತ್ತದೆ. ಸಂತೆಯ ದಿನ ಒಂದೆರಡು ಬಿಲ್ಲೆ ಕೊಂಡಾಗ ಖರ್ಚು ಚಿಕ್ಕದಾಗಿ ಕಾಣುತ್ತದೆ. ಅದನ್ನು ವರ್ಷಕ್ಕೆ ಕೂಡಿಸಿ ನೋಡಿದವರು ಕಡಿಮೆ. ಅದೇ ಮನೆಯ ಹೊಲದ ಬದುವಿನಲ್ಲಿ ಎಷ್ಟೋ ಕಡೆ ಹೊಂಗೆಮರ ನಿಂತಿರುತ್ತದೆ. ಅದರ ಕಾಯಿ ಬೇಸಿಗೆಯಲ್ಲಿ ಉದುರಿ ಮಣ್ಣುಪಾಲಾಗುತ್ತದೆ, ಇಲ್ಲವೆ ವ್ಯಾಪಾರಿ ಹೇಳಿದ ಬೆಲೆಗೆ ಹೋಗುತ್ತದೆ.

ಹೊಂಗೆ ಎಣ್ಣೆ ತಿನ್ನಲು ಬರುವುದಿಲ್ಲ, ಆದರೆ ಸಾಬೂನಿಗೆ ಬರುತ್ತದೆ. 1957ರಲ್ಲಿ ಸ್ಥಾಪನೆಯಾದ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವು ಹೊಂಗೆ, ಬೇವು, ಇಪ್ಪೆಯಂಥ ಖಾದ್ಯವಲ್ಲದ ಎಣ್ಣೆಗಳಿಂದ ಸಾಬೂನು ಮಾಡುವುದನ್ನು ಗ್ರಾಮೋದ್ಯೋಗವೆಂದೇ ಪ್ರೋತ್ಸಾಹಿಸಿತು. ಅದಕ್ಕೂ ಹಿಂದೆ ನಮ್ಮ ಹಳ್ಳಿಗಳಲ್ಲಿ ಬಟ್ಟೆ ಒಗೆಯಲು ಚೌಳು ಮಣ್ಣು, ಬೂದಿ ನೀರು, ಅಂಟುವಾಳದ ಕಾಯಿ ಇದ್ದವು. ಮಡಿವಾಳರು ಉಬ್ಬೆಗೆ ಹಾಕುತ್ತಿದ್ದುದೂ ಚೌಳಿನಲ್ಲಿಯೇ. ಬೂದಿ ನೀರಿನಿಂದಲೇ ಗಟ್ಟಿ ಸಾಬೂನು ಮಾಡಬಹುದೇ ಎಂದು ಕೇಳುವವರಿದ್ದಾರೆ. ಬೂದಿಯ ಕ್ಷಾರದಿಂದ ಬರುವುದು ಮೆತ್ತನೆಯ ಸಾಬೂನು. ಅದರ ಖಾರ ಎಷ್ಟೆಂದು ತೂಗಿ ಹೇಳಲೂ ಆಗದು. ಗಟ್ಟಿ ಬಿಲ್ಲೆಗೆ ಕಾಸ್ಟಿಕ್ ಸೋಡಾ ಬೇಕೇ ಬೇಕು.

ಯಾರಿಗೆ ಲಾಭ?

ಎಣ್ಣೆಯನ್ನೂ ಅಂಗಡಿಯಿಂದಲೇ ಕೊಂಡು ಸಾಬೂನು ಮಾಡುವವರಿಗೆ ಉಳಿತಾಯ ಅಷ್ಟಕ್ಕಷ್ಟೆ. ಕೆಲವೊಮ್ಮೆ ನಷ್ಟವೂ ಉಂಟು. ಸ್ವಂತ ಬೀಜ ಆರಿಸಿ ಗಾಣಕ್ಕೆ ಕೊಡುವವರ ಮಾತು ಬೇರೆ. ಗಾಣದಲ್ಲಿ 10 ಕಿಲೋ ಹೊಂಗೆ ಬೀಜಕ್ಕೆ ಸುಮಾರು 2 ಕಿಲೋ ಎಣ್ಣೆ ಸಿಗುತ್ತದೆ, ಎಕ್ಸ್‌ಪೆಲ್ಲರ್ ಯಂತ್ರದಲ್ಲಿ ಎರಡೂವರೆ ಕಿಲೋವರೆಗೆ. ಹಿಂಡಿಯನ್ನು ಮರೆಯದೆ ಮನೆಗೆ ತನ್ನಿ. ಅದರಲ್ಲಿ ನೂರಕ್ಕೆ ಸುಮಾರು 4 ಪಾಲು ಸಾರಜನಕವಿದ್ದು, ತೆಂಗು ಅಡಿಕೆಗೆ ಒಳ್ಳೆಯ ಗೊಬ್ಬರ. ಹಿಂಡಿಯ ಬೆಲೆಯನ್ನು ಕಳೆದು ಎಣ್ಣೆಯ ಲೆಕ್ಕ ಹಾಕಿದರೆ ಸಾಬೂನಿನ ನಿಜವಾದ ಬೆಲೆ ತಿಳಿಯುತ್ತದೆ.

ಹೊಂಗೆ ಎಣ್ಣೆ ಒಂದರಿಂದಲೇ ಮಾಡಿದ ಸಾಬೂನು ಮೆತ್ತಗಿರುತ್ತದೆ, ನೊರೆಯೂ ಕಡಿಮೆ. ಮೂರನೆಯ ಒಂದು ಪಾಲಿನಷ್ಟು ಕೊಬ್ಬರಿ ಎಣ್ಣೆ ಸೇರಿಸಿದರೆ ಬಿಲ್ಲೆ ಗಟ್ಟಿಯಾಗುತ್ತದೆ, ನೊರೆ ಬರುತ್ತದೆ. ಕಂದು ಹಳದಿ ಬಣ್ಣ ಮತ್ತು ಹೊಂಗೆಯ ವಾಸನೆ ಸ್ವಲ್ಪ ಉಳಿಯುತ್ತವೆ. ಬಿಸಿಲಿಗೆ ಒಣಗಿದ ಬಟ್ಟೆಯಲ್ಲಿ ವಾಸನೆ ಬಹುಮಟ್ಟಿಗೆ ಹೋಗುತ್ತದೆ.

ಅಳತೆ ಮತ್ತು ವಿಧಾನ

ಹೊಂಗೆ ಎಣ್ಣೆ 700 ಗ್ರಾಂ, ಕೊಬ್ಬರಿ ಎಣ್ಣೆ 300 ಗ್ರಾಂ, ಕಾಸ್ಟಿಕ್ ಸೋಡಾ 140 ಗ್ರಾಂ, ಮಳೆನೀರು ಅಥವಾ ಕಾಯಿಸಿ ಆರಿಸಿದ ಮೆದು ನೀರು 350 ಗ್ರಾಂ. ಇಷ್ಟರಿಂದ ಒಣಗಿದ ಮೇಲೆ ಸುಮಾರು ಒಂದೂಕಾಲು ಕಿಲೋ ಸಾಬೂನು ಸಿಗುತ್ತದೆ.

ಎಲ್ಲವನ್ನೂ ತೂಗಿಯೇ ತೆಗೆದುಕೊಳ್ಳಬೇಕು. ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಈ ಲೇಖಕನು ಮೊದಲ ಸಲ ಮಾಡಿದಾಗ ಎಣ್ಣೆಯನ್ನು ಲೀಟರಿನಲ್ಲಿ ಅಳೆದು, ಅದೇ ಕಿಲೋ ಎಂದು ತಿಳಿದಿದ್ದ. ಒಂದು ಲೀಟರ್ ಎಣ್ಣೆಯ ತೂಕ 920-930 ಗ್ರಾಂ ಮಾತ್ರ. ಜೊತೆಗೆ, ಪುಸ್ತಕದ ಲೆಕ್ಕದಂತೆ ಒಂದು ಕಿಲೋ ಎಣ್ಣೆಗೆ ಬೇಕಾಗುವ 147 ಗ್ರಾಂ ಕಾಸ್ಟಿಕ್ಕನ್ನು ಪೂರ್ತಿ ಹಾಕಿದ್ದಾಯಿತು. ಎಣ್ಣೆ ಕಡಿಮೆ, ಖಾರ ಹೆಚ್ಚು. ಬಿಲ್ಲೆಗಳು ನೋಡಲು ಚೆಂದವಾಗಿಯೇ ಇದ್ದವು. ಒಗೆದ ಮನೆಯವರ ಬೆರಳಸಂದಿಯ ಚರ್ಮ ಎರಡೇ ದಿನದಲ್ಲಿ ಸುಲಿದು, ವಾರವೆಲ್ಲ ಮುದ್ದೆ ಕಟ್ಟಲೂ ಆಗದೆ ಕಷ್ಟಪಟ್ಟರು. ಮೇಲಿನ 140 ಗ್ರಾಂ ಎಂಬುದು ನೂರಕ್ಕೆ 5ರಷ್ಟು ಕಡಿಮೆ ಮಾಡಿಕೊಂಡ ಲೆಕ್ಕ. ಸ್ವಲ್ಪ ಎಣ್ಣೆ ಸಾಬೂನಾಗದೆ ಉಳಿದರೆ ಕೈಗೆ ಹಿತವೇ.

ಎಣ್ಣೆಯನ್ನು ಎರಡು ಮೂರು ದಿನ ತಿಳಿಯಾಗಲು ಬಿಟ್ಟು ಬಟ್ಟೆಯಲ್ಲಿ ಸೋಸಿ. ಸ್ಟೀಲ್ ಅಥವಾ ಗಟ್ಟಿ ಪ್ಲಾಸ್ಟಿಕ್ ಪಾತ್ರೆಯಲ್ಲಿ ನೀರಿಟ್ಟುಕೊಂಡು, ಅದಕ್ಕೆ ಕಾಸ್ಟಿಕ್ಕನ್ನು ಸ್ವಲ್ಪ ಸ್ವಲ್ಪವಾಗಿ ಹಾಕುತ್ತ ಮರದ ಕೋಲಿನಿಂದ ಕಲಕಿ. ನೀರು ಒಲೆಯ ಮೇಲಿಟ್ಟಂತೆ ತಾನೇ ಕಾಯುತ್ತದೆ. ಪಾತ್ರೆಯನ್ನು ಹೊರಗಿನಿಂದ ಮುಟ್ಟಿದರೆ ಉಗುರುಬೆಚ್ಚಗೆ ಅನ್ನಿಸುವವರೆಗೆ ಆರಲಿ. ಎಣ್ಣೆಯನ್ನೂ ಅಷ್ಟೇ ಬೆಚ್ಚಗೆ ಮಾಡಿಕೊಂಡು, ಕಾಸ್ಟಿಕ್ ನೀರನ್ನು ಎಳೆಯಾಗಿ ಎಣ್ಣೆಗೆ ಸುರಿಯುತ್ತ ತಿರುವಬೇಕು. ಒಂದೇ ದಿಕ್ಕಿಗೆ ತಿರುವಬೇಕೆಂದು ಹೇಳುವವರಿದ್ದಾರೆ. ದಿಕ್ಕಿನ ಹಂಗೇನಿಲ್ಲ, ಬಿಡದೆ ತಿರುವುವುದು ಮುಖ್ಯ. ಅರ್ಧ ಗಂಟೆಯಿಂದ ಒಂದು ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕಾದೀತು. ಮಿಶ್ರಣ ದೋಸೆ ಹಿಟ್ಟಿನ ಹದಕ್ಕೆ ಬಂದು, ಕೋಲಿನಿಂದ ತೊಟ್ಟಿಕ್ಕಿದ ಹನಿಯ ಗುರುತು ಮೇಲೆ ಕ್ಷಣಕಾಲ ಉಳಿದರೆ ಹದ ಬಂತು.

ಪ್ಲಾಸ್ಟಿಕ್ ಹಾಳೆ ಹಾಸಿದ ಮರದ ಪೆಟ್ಟಿಗೆಗೆ ಸುರಿದು ಗೋಣಿ ಮುಚ್ಚಿಡಿ. ಒಂದೆರಡು ದಿನದ ನಂತರ ತಂತಿಯಿಂದ ಕತ್ತರಿಸಿ, ನೆರಳಿನಲ್ಲಿ ಗಾಳಿಯಾಡುವಂತೆ ಜೋಡಿಸಿ ನಾಲ್ಕು ವಾರ ಒಣಗಿಸಬೇಕು. ಅವಸರಪಟ್ಟು ಹಸಿ ಸಾಬೂನು ಬಳಸಿದರೆ ಬೇಗ ಕರಗಿ ಸವೆಯುತ್ತದೆ, ಉಳಿತಾಯವೆಲ್ಲ ಚರಂಡಿಗೆ. ಮೇಲೆ ತೆಳುವಾಗಿ ಬಿಳಿ ಪುಡಿ ಕಟ್ಟಿದರೆ ಹೆದರಬೇಕಾಗಿಲ್ಲ. ಕತ್ತರಿಸಿದಾಗ ಒಳಗೆ ಬಿಳಿ ಹರಳು ಅಥವಾ ಒಸರುವ ನೀರು ಕಂಡರೆ ಅದು ಕೂಡದೆ ಉಳಿದ ಕಾಸ್ಟಿಕ್, ಅಂಥದನ್ನು ಬಳಸಬೇಡಿ. ಅರಿಸಿನ ಹಚ್ಚಿ ಪರೀಕ್ಷಿಸುವ ರೂಢಿಯುಂಟು. ಆದರೆ ಒಳ್ಳೆಯ ಸಾಬೂನಿಗೂ ಅರಿಸಿನ ಕೆಂಪಾಗುವುದರಿಂದ ಅದನ್ನು ನಂಬುವಂತಿಲ್ಲ.

ಕಾಸ್ಟಿಕ್ ಇರುವ ಮನೆಯಲ್ಲಿ

ಕಾಸ್ಟಿಕ್ ಕರಗಿದ ನೀರು ನೋಡಲು ಕುಡಿಯುವ ನೀರಿನಂತೆಯೇ ಇರುತ್ತದೆ. ಒಂದು ಗುಟುಕು ಮಗುವಿನ ಅನ್ನನಾಳವನ್ನು ಸುಟ್ಟುಬಿಡಬಲ್ಲದು. ಕಣ್ಣಿಗೆ ಸಿಡಿದ ಹನಿ ದೃಷ್ಟಿಯನ್ನೇ ಕಳೆಯಬಲ್ಲದು. ಆದ್ದರಿಂದ ಮಕ್ಕಳು ಶಾಲೆಗೆ ಹೋದ ಹೊತ್ತಿನಲ್ಲಿ, ಗಾಳಿಯಾಡುವ ಹಿತ್ತಿಲಿನಲ್ಲಿ ಈ ಕೆಲಸ ಇಟ್ಟುಕೊಳ್ಳಿ. ಲೋಟ, ಚೊಂಬು, ತಂಪು ಪಾನೀಯದ ಬಾಟಲಿಗಳಲ್ಲಿ ಇದನ್ನು ಎಂದಿಗೂ ಇಡಬಾರದು. ರಬ್ಬರ್ ಕೈಚೀಲ, ಕಣ್ಣಿಗೆ ಕನ್ನಡಕ ಇರಲಿ. ಕಾಸ್ಟಿಕ್ಕನ್ನು ನೀರಿಗೆ ಹಾಕಬೇಕೇ ಹೊರತು ಕಾಸ್ಟಿಕ್ಕಿನ ಮೇಲೆ ನೀರು ಸುರಿಯಬಾರದು, ಕುದಿದು ಸಿಡಿಯುತ್ತದೆ. ಅಲ್ಯೂಮಿನಿಯಂ ಪಾತ್ರೆ ಬೇಡವೇ ಬೇಡ: ಕಾಸ್ಟಿಕ್ ಅದನ್ನು ತಿನ್ನುತ್ತದೆ, ಆಗ ಹೊರಡುವ ಅನಿಲಕ್ಕೆ ಬೆಂಕಿ ಹತ್ತಬಹುದು. ಮೈಗೆ, ಕಣ್ಣಿಗೆ ತಾಗಿದರೆ ಕೂಡಲೇ ಹರಿಯುವ ನೀರಿನಲ್ಲಿ ಇಪ್ಪತ್ತು ನಿಮಿಷ ತೊಳೆಯಬೇಕು. ನಿಂಬೆರಸ, ಹುಣಿಸೆ ನೀರು ಹಾಕಬಾರದು. ಕಣ್ಣಿಗಾದರೆ ತೊಳೆದೊಡನೆ ಆಸ್ಪತ್ರೆಗೆ ಹೋಗಬೇಕು. ಯಾರಾದರೂ ನುಂಗಿದ್ದರೆ ವಾಂತಿ ಮಾಡಿಸದೆ, ಬಾಯಿ ತೊಳೆಸಿ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಬಕೆಟ್ಟಿನಲ್ಲಿ ಕಳೆಯುವ ಸಾಬೂನು

ಇಷ್ಟೆಲ್ಲ ಶ್ರಮಪಟ್ಟು ಮಾಡಿದ ಸಾಬೂನು ಬೋರ್‌ವೆಲ್ ನೀರಿನಲ್ಲಿ ನೊರೆ ಕೊಡದೆ, ಮೊಸರು ಒಡೆದಂತೆ ಬೂದು ಗಷ್ಟು ಕಟ್ಟಿದರೆ ದೋಷ ಸಾಬೂನಿನದಲ್ಲ, ನೀರಿನದು. ಗಡಸು ನೀರಿನಲ್ಲಿರುವ ಸುಣ್ಣದ ಅಂಶ ಸಾಬೂನಿನೊಡನೆ ಕೂಡಿ ಅದನ್ನು ನಿಷ್ಪ್ರಯೋಜಕ ಮಾಡುತ್ತದೆ. ಲೀಟರಿಗೆ 300 ಮಿಲಿಗ್ರಾಂ ಗಡಸುತನವಿರುವ ನೀರನ್ನು ಉದಾಹರಣೆಗೆ ತೆಗೆದುಕೊಳ್ಳಿ. 20 ಲೀಟರಿನ ಒಂದು ಬಕೆಟ್, ಬಟ್ಟೆಯ ಒಂದು ಕಲೆಯೂ ಹೋಗುವ ಮೊದಲೇ, ಲೆಕ್ಕದಂತೆ ಸುಮಾರು 35 ಗ್ರಾಂ ಸಾಬೂನನ್ನು ನುಂಗಿಬಿಡುತ್ತದೆ! ಅಂಗಡಿಯ ಡಿಟರ್ಜೆಂಟ್ ಬಿಲ್ಲೆ ನಿಜವಾಗಿ ಸಾಬೂನಲ್ಲ, ಬೇರೆಯೇ ರಾಸಾಯನಿಕ. ಅದು ಹೀಗೆ ಒಡೆಯದಿರುವುದರಿಂದಲೇ ಬೋರ್‌ವೆಲ್ ನೀರಿನ ಊರುಗಳಲ್ಲಿ ಜನ ಅದಕ್ಕೆ ಒಗ್ಗಿಕೊಂಡರು.

ಇದಕ್ಕೆ ಅಗ್ಗದ ಉಪಾಯವಿದೆ. ಬಟ್ಟೆ ನೆನೆಸುವ ಮೊದಲು ಆ ಬಕೆಟ್ಟಿಗೆ 6-7 ಗ್ರಾಂ ಒಣ ವಾಷಿಂಗ್ ಸೋಡಾ ಪುಡಿ (ಹರಳಾದರೆ ಸುಮಾರು 17 ಗ್ರಾಂ) ಹಾಕಿ ಕಲಕಿ ಹತ್ತು ನಿಮಿಷ ಬಿಡಿ. ಸುಣ್ಣದ ಅಂಶ ಬೇರ್ಪಟ್ಟು ನೀರು ಕೊಂಚ ಮಬ್ಬಾಗುತ್ತದೆ. ಆಮೇಲೆ ಸಾಬೂನು ಉಜ್ಜಿದರೆ ನೊರೆ ನಿಲ್ಲುತ್ತದೆ. ನಿಮ್ಮ ನೀರಿನ ಗಡಸುತನ ತಿಳಿಯಲು ಒಂದು ಬಾಟಲಿಯಲ್ಲಿ ಮಳೆನೀರು, ಇನ್ನೊಂದರಲ್ಲಿ ಬೋರ್‌ವೆಲ್ ನೀರು ಅರ್ಧ ತುಂಬಿ, ಎರಡಕ್ಕೂ ಸಮನಾಗಿ ಸಾಬೂನು ತುರಿ ಹಾಕಿ ಕುಲುಕಿ ನೋಡಿದರೆ ಸಾಕು. ಕೆರೆಯ ನೀರು, ಸೂರಿನ ಮಳೆನೀರು ಸಿಗುವವರಿಗೆ ಸಾಮಾನ್ಯವಾಗಿ ಸೋಡಾದ ಅಗತ್ಯವೇ ಬೀಳದು.

ರೇಷ್ಮೆ, ಉಣ್ಣೆ ಬಟ್ಟೆಗಳಿಗೆ ಈ ಸಾಬೂನೂ ಬೇಡ, ಸೋಡಾವೂ ಬೇಡ. ಕ್ಷಾರಕ್ಕೆ ಅವುಗಳ ಎಳೆ ಕೆಡುತ್ತದೆ. ಮದುವೆಯ ಸೀರೆಗೆ ಅಜ್ಜಿಯರ ಅಂಟುವಾಳವೇ ಸರಿ. ಒಗೆದ ನೀರನ್ನು ತೆಂಗಿನ ಅಥವಾ ಬಾಳೆಯ ಬುಡಕ್ಕೆ ಬಿಡುವವರು ದಿನವೂ ಒಂದೇ ಗಿಡಕ್ಕೆ ಬಿಡದೆ ಬದಲಿಸುತ್ತಿರಲಿ. ಸೋಡಾ ನೀರು ಒಂದೇ ಕಡೆ ನಿಂತರೆ ಆ ಮಣ್ಣು ಕ್ರಮೇಣ ಚೌಳಾಗುತ್ತದೆ. ಸೊಪ್ಪಿನ ಮಡಿಗೆ ಮಾತ್ರ ಬಿಡಬೇಡಿ.